ನರ್ಸಬಾಯಿಯ ಪ್ರಶ್ನೆ

ಜಮಖಂಡಿಯ ನಮ್ಮ ಓಣಿಗೆ ಬಂದು ನೆಲೆಸಿದ ಆ ಮಿಲಿಟರಿ ನರ್ಸಬಾಯಿಯ ಮೇಲೆ ನನಗೆ ಮೊದಲಿನಿಂದಲೂ ಸಂಶಯ. ಆಫ್ರಿಕಾದಲ್ಲಿ ಯುದ್ಧ ನಡೆದಿದ್ದ ಯಾವುದೋ ದೇಶದಲ್ಲಿ, ಶಾಂತಿಪಡೆಯ ದವಾಖಾನೆಯಲ್ಲಿ ಇದ್ದಳಂತೆ. ಮಧ್ಯಾಹ್ನ ನಾವು ಹೆಂಗಸರು ಹಳೇ ಸೀರೆಗಳ ಕೌದಿ ಹೊಲಿಯುವಾಗ ಬಂದು ಕೂಡುತ್ತಿದ್ದಳು, ಸೂಜಿ ಮಾತ್ರ ಮುಟ್ಟುತ್ತಿರಲಿಲ್ಲ. ನರ್ಸಿಗೆ ಸೂಜಿ ಹಿಡಿಯಲು ಬಾರದೇ? ಅದರ ಮೇಲೆ, ನಾವು ಯಾರ ಸುದ್ದಿ ತೆಗೆದರೂ ಆಕೆಯದು ಒಂದೇ ಪ್ರಶ್ನೆ: "ನೀವು ನೋಡೀರೋ, ಬರೇ ಕೇಳೀರೋ?" ಸುದ್ದಿಯ ರುಚಿಯೇ ಹೋಗಿಬಿಡುತ್ತಿತ್ತು.

ಒಂದು ಮುಂಜಾನೆ ಕರಿ ಗಾಜಿನ ಕಾರೊಂದು ಬಂದು ಆಕೆಯನ್ನು ಕರೆದೊಯ್ದಿತು. ಎಂಟು ದಿನ ಪತ್ತೆಯಿಲ್ಲ. ಯಾವನೋ ಗಂಡಸಿನ ಹಿಂದೆ ಹೋಗಿದ್ದಾಳೆ ಅಂತ ಓಣಿತುಂಬ ಹೇಳಿದವಳು ನಾನೇ.

ತಿರುಗಿ ಬಂದವಳು ನೆಟ್ಟಗೆ ನನ್ನ ಕೌದಿಯ ಮುಂದೆ ಕೂತಳು. "ಅಕ್ಕಾರ, ಆ ಗಂಡಸನ್ನ ನೋಡೀರೋ, ಬರೇ ಕೇಳೀರೋ?"

"ಎರಡೂ ಇಲ್ಲರಿ. ಅಂದಾಜಿನ ಮ್ಯಾಲ ಅಂದೆ," ಎಂದೆ. "ಮತ್ತ ಎಲ್ಲಿಗೆ ಹೋಗಿದ್ರಿ?"

"ಪರದೇಶದ ಕೋರ್ಟಿಗೆ, ಸಾಕ್ಷಿ ಹೇಳಾಕ. ಆ ಯುದ್ಧದಾಗ ತನ್ನ ಸಿಪಾಯಿಗಳ ಕಡಿಂದ ಹೆಣ್ಮಕ್ಕಳ ಮ್ಯಾಲ ಅತ್ಯಾಚಾರ ಮಾಡಿಸಿದ ಅಂತ ಒಬ್ಬ ದೊಡ್ಡ ಅಧಿಕಾರಿ ಮ್ಯಾಲ ಕೇಸ್ ಐತಿ. ಅವನ ವಕೀಲ ನನ್ನ ಪ್ರಶ್ನಿನ ನನಗ ಹಾಕಿದ. ಅತ್ಯಾಚಾರ ಆಗಿದ್ದನ್ನ ನೀವು ನೋಡೀರೋ, ಬರೇ ಕೇಳೀರೋ ಅಂದ."

ನನಗೆ ಆಗಲೂ ಪೂರ್ತಿ ನಂಬಿಕೆ ಬರಲಿಲ್ಲ. "ನೀವೇನಂದ್ರಿ?"

ಆಕೆ ನನ್ನ ಕೈಯಲ್ಲಿದ್ದ ಸೂಜಿಯನ್ನೇ ನೋಡುತ್ತಿದ್ದಳು.

"ನೋಡಿಲ್ಲರಿ, ಹೊಲಿಗಿ ಹಾಕೇನಿ ಅಂದೆ."