ಬ್ಯಾಡ ಅನ್ನುವವರಿಗಾಗಿ ಕಾದವರು

ಹಳಿಯಾಳದಿಂದ ದಾಂಡೇಲಿಗೆ ಹೋಗುವ ದಾರಿಯಲ್ಲಿದ್ದ ಆ ಪೆಟ್ರೋಲ್ ಬಂಕಿನ ಮಾಲೀಕರು ಕುರ್ಚಿಯಲ್ಲಿ ಕೂತದ್ದನ್ನು ನಾನು ಕಂಡಿಲ್ಲ. ಬಂಕಿನ ಪಕ್ಕದಲ್ಲೇ ದೊಡ್ಡದೊಂದು ಚಹಾ-ತಿಂಡಿ ಅಂಗಡಿ ತೆರೆಯುವ ಯೋಚನೆ ಬಂದ ಮೇಲಂತೂ, ಕೀಲಿ ಗೊಂಚಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತ, ನಿಂತ ಪ್ರತಿ ಗಾಡಿಯ ಕಿಟಕಿಗೂ ಬಾಗಿ ಕೇಳುತ್ತಿದ್ದರು: "ಇಲ್ಲೊಂದು ಅಂಗಡಿ ಹಾಕಿದ್ರ ಹೆಂಗ್ರೀ?"

ಜೋಯಿಡಾ ಕಡೆಯ ಜೀಪಿನವರು, ಕಬ್ಬಿನ ಲಾರಿಯವರು, ಎಲ್ಲರದೂ ಒಂದೇ ಉತ್ತರ: "ಹಾಕ್ರಿ, ಛಲೋ ನಡೀತೈತಿ." ಹೊಸ ಕೆಲಸಕ್ಕೆ ಹೊರಟವನ ಎದುರು ಬೇಡ ಎನ್ನುವುದು ನಮ್ಮಲ್ಲಿ ಅಪಶಕುನ. ಅದು ಮಾಲೀಕರಿಗೂ ಗೊತ್ತಿತ್ತು.

"ಈ ಹೂಂ ನಂಬಿ ಹೆಂಗ ಅಂಗಡಿ ಕಟ್ಟಲ್ರೀ ಸರ? ಯಾರರ ಒಬ್ರು ಬ್ಯಾಡ ಅನ್ರಿ ನೋಡೂಣು," ಎಂದು ಪೆಟ್ರೋಲ್ ಹಾಕಿಸಲು ಹೋದಾಗಲೆಲ್ಲ ನನ್ನನ್ನು ಕಾಡುತ್ತಿದ್ದರು. ನಾನೂ ಹೂಂ ಅಂದವನೇ.

ಒಂದು ಮಧ್ಯಾಹ್ನ ನಾವಿಬ್ಬರೂ ರಸ್ತೆಯಾಚೆಯ ಗೂಡಂಗಡಿಗೆ ಚಹಾಕ್ಕೆ ಹೋದೆವು. ಚಹಾ, ಬಿಸ್ಕೀಟು, ನೀರಿನ ಬಾಟಲಿ ಮಾರಿ ಮನೆ ನಡೆಸುವ ಹೆಂಗಸಿನದು ಆ ಗೂಡಂಗಡಿ. ಮಾಲೀಕರು ಆಕೆಯನ್ನೂ ಕೇಳಿಬಿಟ್ಟರು.

ಚಹಾ ಸೋಸುತ್ತಿದ್ದ ಕೈ ನಿಂತಿತು. "ಬ್ಯಾಡ್ರಿ ಅಣ್ಣಾರ," ಎಂದಳು. "ನೀವು ಹಾಕಿದ್ರ ನನ್ನ ಕಡೆ ಯಾರ ಬರ್ತಾರ?"

ಮರುಕ್ಷಣವೇ ನಾಲಿಗೆ ಕಚ್ಚಿಕೊಂಡು ಕೆನ್ನೆ ಮುಟ್ಟಿಕೊಂಡಳು. "ಬಿಡ್ತು, ಬಿಡ್ತು! ಬಾಯಿ ತಪ್ಪಿ ಬಂತ್ರಿ. ಹಾಕ್ರಿ, ಛಲೋ ಆಗ್ತೈತಿ." ನಾನು ನೆಲ ನೋಡಿದೆ.

ಮಾಲೀಕರು ಕೀಲಿ ಗೊಂಚಲನ್ನು ಜೇಬಿಗಿಳಿಸಿದರು. ಆಮೇಲೆ ಮೆಲ್ಲಗೆ ಹೇಳಿದರು: "ಬಿಡ್ತು ಅನಬ್ಯಾಡ ತಂಗೀ. ಖರೇ ಅಂದಾಕಿ ನೀ ಒಬ್ಬಾಕಿನ. ನಾ ಹಾಕೂದಿಲ್ಲ."