ಕಂಟ್ರಾಕ್ಟ್ರು ಸಹಿ ಹಾಕದ ವರ್ಷ

ನಮ್ಮ ಕಂಟ್ರಾಕ್ಟರ ಮುಂದಿನ ಹಲ್ಲಿನ ತುದಿಯಲ್ಲಿ ಅರ್ಧಚಂದ್ರದ ಆಕಾರದ ಒಂದು ಕಚ್ಚು ಇತ್ತು. ಹುಟ್ಟಿನಿಂದ ಬಂದದ್ದಲ್ಲ. ಹದಿನಾರನೇ ವಯಸ್ಸಿನಿಂದ ವೈರಿನ ಪ್ಲಾಸ್ಟಿಕ್ಕನ್ನು ಹಲ್ಲಿನಲ್ಲೇ ಕಚ್ಚಿ ಸುಲಿದು ಸವೆದದ್ದು. ಅರಸೀಕೆರೆಯ ಅವರ ಎಲೆಕ್ಟ್ರಿಕಲ್ ಅಂಗಡಿಗೆ ನಾನು ಕೆಲಸಕ್ಕೆ ಸೇರಿದ ದಿನ ಅವರಾಡಿದ ಮೊದಲ ಮಾತೂ ಹಲ್ಲಿನದೇ.

"ಹಲ್ಲು ಬಾಯಾಗೇ ಇರ್ಲಿ. ಸುಲಿಯಾಕೆ ಇದೈತೆ," ಎಂದು ಸ್ಟ್ರಿಪ್ಪರ್ ಕೈಗೆ ಕೊಟ್ಟರು.

"ನೀವು ಮಾತ್ರ ಹಲ್ಲಲ್ಲೇ ಸುಲೀತಿದೀರಲ್ಲ ಸಾರ್?"

"ಅದ್ಕೇ ಹೇಳ್ತಿರೋದು. ನೋಡು, ಚೆಂದಾಗೈತಾ?" ಎಂದು ತುಟಿ ಎತ್ತಿ ತೋರಿಸಿದರು.

ಅವರು ತೀರಿಹೋದ ದಿನ ಮನೆಯ ಮುಂದೆ ಸೇರಿದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: ದೇವರಂಥ ಮನುಷ್ಯ. ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಪರವಾಗಿಯೂ ವಿರೋಧವಾಗಿಯೂ ಮಾತಾಡಿ ಬಂದವಳು ನಾನು. ಪುರಾವೆಯಿಲ್ಲದ ಹೊಗಳಿಕೆ ಕಿವಿಗೆ ಬಿದ್ದರೆ ಎದ್ದು ನಿಂತು ಪ್ರಶ್ನೆ ಹಾಕುವುದು ಚಟ. ಅವತ್ತು ಸುಮ್ಮನಿದ್ದೆ, ಈಗ ಹೇಳುತ್ತೇನೆ. ದೇವರಂಥ ಮನುಷ್ಯ ಒಂಬತ್ತಕ್ಕೆ ಬತ್ತೀನಿ ಅಂದು ಹನ್ನೊಂದೂವರೆಗೆ ಬರುವುದಿಲ್ಲ. ಸಕ್ಕರೆ ಕಾಯಿಲೆ ಇಟ್ಟುಕೊಂಡು ಬಸ್ ನಿಲ್ದಾಣದ ಹಿಂದಿನ ಅಂಗಡಿಯಲ್ಲಿ ಜಿಲೇಬಿ ತಿಂದು, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, "ಮನೇಲಿ ಕೇಳಿದ್ರೆ ಕಾಫಿ ಕುಡುದ್ರು ಅನ್ನು" ಎಂದು ಕೆಲಸಕ್ಕೆ ಬಂದವಳಿಂದ ಸುಳ್ಳು ಹೇಳಿಸುವುದಿಲ್ಲ. ಕೈತಪ್ಪಿ ಸ್ವಿಚ್ ಬೋರ್ಡು ಓರೆಯಾದರೆ ಮೂರು ತಲೆಮಾರು ಎತ್ತಿ ಬೈಯುವುದಿಲ್ಲ. ನಮ್ಮ ಕಂಟ್ರಾಕ್ಟ್ರು ಇಷ್ಟನ್ನೂ ಮಾಡುತ್ತಿದ್ದರು. ಒಂದೇ ಒಂದು ವಿಷಯದಲ್ಲಿ ಮಾತ್ರ ಅವರನ್ನು ಅಲ್ಲಾಡಿಸಲು ಯಾರಿಂದಲೂ ಆಗುತ್ತಿರಲಿಲ್ಲ. ತಮ್ಮ ಕಣ್ಣಿಗೆ ಬೀಳದ್ದಕ್ಕೆ ಅವರು ಸಹಿ ಹಾಕುತ್ತಿರಲಿಲ್ಲ.

ಇದರಲ್ಲೇನು ಹೆಚ್ಚುಗಾರಿಕೆ ಎಂದು ಕೇಳಬಹುದು. ನಾನೂ ಕೇಳಿದ್ದೆ. ಹೊಸ ಮನೆಗೆ ಕರೆಂಟು ಬರಬೇಕಾದರೆ ಲೈಸೆನ್ಸ್ ಇರುವ ಕಂಟ್ರಾಕ್ಟರು ವೈರಿಂಗನ್ನು ಪರೀಕ್ಷಿಸಿ, ಅಳತೆಗಳನ್ನು ಫಾರಂನಲ್ಲಿ ತುಂಬಿ, ಸಹಿ ಹಾಕಿ ಕರೆಂಟ್ ಆಫೀಸಿಗೆ ಕೊಡಬೇಕು. ಇದು ನಿಯಮ. ರೂಢಿ ಬೇರೆ. ವೈರು ಎಳೆಯುವವನೊಬ್ಬ, ಲೈಸೆನ್ಸು ಇನ್ನೊಬ್ಬನದು. ಮನೆ ಯಾವ ಊರಿನಲ್ಲಿದೆ ಎಂದೂ ಕೇಳದೆ ಟೀ ಅಂಗಡಿಯ ಬೆಂಚಿನ ಮೇಲೆ ಸಹಿ ಬೀಳುತ್ತದೆ. ಒಮ್ಮೆ ಬೇಲೂರಿನ ಲಾಡ್ಜಿನ ಮಾಲೀಕರೊಬ್ಬರು ಕಾಗದಗಳನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ನಮ್ಮ ಅಂಗಡಿಗೇ ಕಳಿಸಿ ಫೋನ್ ಮಾಡಿದರು: "ಬರೀ ಸಹಿ ತಾನೆ ಸಾರ್, ಅಲ್ಲೇ ಹಾಕಿ ಕಳ್ಸಿ."

"ಆಗ್ಲಿ ಸ್ವಾಮಿ. ಅದೇ ಬಸ್ಸಾಗೆ ಲಾಡ್ಜನ್ನೂ ಕಳ್ಸಿ, ನೋಡಿ ಹಾಕ್ತೀನಿ," ಅಂದರು ನಮ್ಮವರು. ಮರುದಿನ ತಾವೇ ಹಳೇಬೀಡಿನ ದಾರಿಯ ಬಸ್ಸು ಹತ್ತಿ ಹೋಗಿ, ಇಪ್ಪತ್ತನಾಲ್ಕು ಕೋಣೆಗಳನ್ನೂ ತೆರೆಸಿ ನೋಡಿ ಬಂದರು.

ಅವರದೊಂದು ಪದ್ಧತಿಯಿತ್ತು. ಯಂತ್ರದ ಅಳತೆಗಳೆಲ್ಲ ಮುಗಿದು ಮನೆಗೆ ಕರೆಂಟು ಬಂದ ದಿನ ಮತ್ತೆ ಹೋಗಿ, ಚಪ್ಪಲಿ ಬಿಟ್ಟು, ನೆಲಕ್ಕೆ ಒಂದು ಚೊಂಬು ನೀರು ಸುರಿದು, ಆ ನೀರಿನಲ್ಲಿ ನಿಂತು, ಮನೆಯ ಫ್ರಿಜ್ಜು, ಗ್ರೈಂಡರು, ಮೋಟರುಗಳನ್ನೆಲ್ಲ ಕೈಯ ಹಿಂಬದಿಯಿಂದ ಮುಟ್ಟುತ್ತಾ ಹೋಗುತ್ತಿದ್ದರು. ಅಂಗೈಯಿಂದ ಮುಟ್ಟಿದರೆ ಕರೆಂಟು ಹೊಡೆದಾಗ ಬೆರಳು ಮಡಚಿ ಹಿಡಿದುಕೊಳ್ಳುತ್ತವೆ, ಹಿಂಬದಿಯಾದರೆ ಕೈ ಬಿಟ್ಟುಕೊಳ್ಳುತ್ತದೆ ಎಂಬ ಲೆಕ್ಕ.

"ಇದು ಪರೀಕ್ಷೆ ಅಲ್ಲ ಸಾರ್, ನಾಟಕ. ಮೀಟರ್ ಸರಿ ಅಂತ ಹೇಳಿದ ಮೇಲೆ ನೀವು ಯಾಕೆ ನೀರಲ್ಲಿ ನಿಂತ್ಕೊಬೇಕು? ಯಾವ ಪುಸ್ತಕದಲ್ಲಿದೆ?"

"ನಾಳೆ ಈ ಮನೆ ಹೆಂಗಸು ಮೀಟರ್ ಹಿಡ್ಕೊಂಡು ರುಬ್ಬಾಕಿಲ್ಲ ಕಣಮ್ಮ. ಹಿಂಗೇ ಒದ್ದೆ ಕಾಲಾಗೆ ನಿಂತ್ಕೊಂಡು ಮುಟ್ತಾಳೆ."

ಉತ್ತರ ಚೆನ್ನಾಗಿತ್ತು, ಪದ್ಧತಿ ತಪ್ಪು. ಇವತ್ತಿಗೂ ನನ್ನ ವಾದ ಅದೇ. ನಾನು ಹಾಗೆ ಮಾಡುವುದಿಲ್ಲ, ನನ್ನ ಕೆಲಸದವರಿಗೂ ಬಿಡುವುದಿಲ್ಲ. ಹೀಗೆ ಎಲ್ಲದಕ್ಕೂ ಅಡ್ಡಮಾತು ಆಡುತ್ತೇನೆಂದು ಅವರು ನನಗೆ 'ಲಾಯರಮ್ಮ' ಎಂದು ಹೆಸರಿಟ್ಟಿದ್ದರು. ಹಾರನಹಳ್ಳಿಯಲ್ಲೊಂದು ಮನೆಯ ಯಜಮಾನ, "ಹೆಣ್ಣುಡ್ಗಿ ಕೈಲಿ ವೈರಿಂಗಾ?" ಎಂದು ಮೂಗು ಮುರಿದಾಗ, "ಕರೆಂಟು ಗಂಡೋ ಹೆಣ್ಣೋ ನೋಡಲ್ಲ ಯಜಮಾನ್ರೆ. ಆದ್ರೆ ಹುಷಾರು, ಈ ಯಮ್ಮನ ಜೊತೆ ಮಾತಿಗ್ ನಿಂತ್ರೆ ನಿಮ್ಗೇ ಷಾಕು," ಅಂದಿದ್ದರು.

ನನಗೆ ಅವರಿಂದ ಬೇಕಾಗಿದ್ದದ್ದು ಒಂದು ಕಾಗದ. ಡಿಪ್ಲೊಮಾ ಆದವರು ಸೂಪರ್‌ವೈಸರ್ ಪರ್ಮಿಟ್‌ಗೆ ಅರ್ಜಿ ಹಾಕಬೇಕಾದರೆ ಲೈಸೆನ್ಸ್ ಇರುವ ಕಂಟ್ರಾಕ್ಟರ ಕೈಕೆಳಗೆ ದುಡಿದ ಅನುಭವದ ಪತ್ರ ಲಗತ್ತಿಸಬೇಕು. ಎರಡು ವರ್ಷ ತುಂಬುತ್ತ ಬಂದಿತ್ತು. ತಿಪಟೂರಿನ ಕಡೆ ಹೊಸದಾಗಿ ಏಳುತ್ತಿದ್ದ ತೆಂಗಿನಪುಡಿಯ ಕಾರ್ಖಾನೆಯವರು, ಪರ್ಮಿಟ್ ತಂದರೆ ಕೆಲಸ ಎಂದು ಮಾತು ಕೊಟ್ಟಿದ್ದರು. ಅರ್ಜಿ ಹಾಕುವ ಕೊನೆಯ ದಿನಕ್ಕೆ ಇನ್ನು ಎರಡು ತಿಂಗಳು ಇತ್ತು. ಆಗ ಬಂತು ಗಂಡಸಿ ಎಂಬ ಊರಿನ ಮನೆಯ ಕೆಲಸ.

ತೆಂಗಿನ ತೋಟದ ರೈತರೊಬ್ಬರು ಕಟ್ಟಿಸಿದ ಹೊಸ ಮನೆ. ವೈರಿಂಗ್ ಪೂರ್ತಿ ನನ್ನ ಜವಾಬ್ದಾರಿ. ಮನೆಯ ಪಕ್ಕದಲ್ಲಿ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿಸಿ, ಅರ್ತಿಂಗ್ ಪೈಪು ಇಳಿಸಿದೆ. ಎಲ್ಲಾದರೂ ಕರೆಂಟು ಸೋರಿದರೆ ಮನುಷ್ಯರ ಮೈಯನ್ನು ಬಿಟ್ಟು ಮಣ್ಣಿಗೆ ಹೋಗಲಿ ಎಂದು ಹೂಳುವ ಕಬ್ಬಿಣದ ಪೈಪು ಅದು. ಪೈಪು ಕರೆಂಟನ್ನು ಮಣ್ಣಿಗೆ ಸರಿಯಾಗಿ ಬಿಡುತ್ತದೆಯೇ ಎಂದು ಅವತ್ತೇ ಅಳೆದೆ. ಚೆನ್ನಾಗಿ ಬಂತು. ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಮೂರು ವಾರದ ನಂತರ ಎಲ್ಲ ಕೆಲಸ ಮುಗಿದು ಫಾರಂ ತುಂಬುವ ದಿನ ಬಿಸಿಲು ಜೋರಾಗಿತ್ತು, ಅಳೆಯುವ ಯಂತ್ರವನ್ನು ಪೆಟ್ಟಿಗೆಯಿಂದ ತೆಗೆದು, ಗೂಟ ಹೊಡೆದು, ವೈರು ಹಾಸುವುದಕ್ಕೆ ಅರ್ಧ ಗಂಟೆ ಬೇಕು. ನೋಟುಬುಕ್ಕು ನೋಡಿ ಅದೇ ಅಂಕಿ ಬರೆದು ಆ ದಿನದ ತಾರೀಕು ಹಾಕಿದೆ.

ಮರುದಿನ ಸಹಿ ಹಾಕಲು ಕಂಟ್ರಾಕ್ಟ್ರು ಬಂದರು. ಮನೆಯೊಳಗೆ ಹೋಗುವ ಮೊದಲೇ ಅರ್ತಿಂಗ್ ಗುಂಡಿಯ ಸಿಮೆಂಟ್ ಮುಚ್ಚಳವನ್ನು ಸರಿಸಿದರು. ಕುಕ್ಕರಗಾಲಲ್ಲಿ ಕೂತು ಸ್ವಲ್ಪ ಹೊತ್ತು ಒಳಗೇ ನೋಡಿದರು.

"ಲಾಯರಮ್ಮ, ಬಾ ಇಲ್ಲಿ. ಇದ್ರಾಗೆ ಏನ್ ಕಾಣ್ತೈತೆ ಹೇಳು."

ಬಗ್ಗಿ ನೋಡಿದೆ. ಇದ್ದಿಲು ಚೂರು, ಒದ್ದೆ ಮಣ್ಣು, ಒಂದು ಕಪ್ಪೆ. ಪೈಪು ಇರಲಿಲ್ಲ.

ಮನೆಯ ಯಜಮಾನರು ನಗುತ್ತಲೇ ಬಂದರು. "ಅದಾ ಸಾರ್? ವಾಸ್ತುದೋರು ಬಂದಿದ್ರು. ಈಶಾನ್ಯದಾಗೆ ಕಬ್ಬಿಣ ಹೂತ್ರೆ ಯಜಮಾನಂಗೆ ಕೇಡು ಅಂದ್ರು. ಕೀಳ್ಸಿ ಕೊಟ್ಟಿಗೆ ತಾವ ನಿಲ್ಸಿವ್ನಿ. ಮುಚ್ಚಳ ಹಂಗೇ ಬಿಟ್ಟೆ, ನೋಡಾಕೆ ಚೆಂದಾಗೈತೆ ಅಂತ."

"ವೈರು?"

"ಸುತ್ತಿ ಒಳೀಕ್ ಇಟ್ಟಿವ್ನಿ. ವೇಸ್ಟ್ ಮಾಡಿಲ್ಲ."

"ಕರೆಂಟು ಸೋರಿದ್ರೆ ಎಲ್ಲಿಗ್ ಹೋಗ್ಬೇಕು ಅಂತ ವಾಸ್ತುದೋರು ಹೇಳಿದ್ರಾ?"

"ಅದ್ ಕೇಳ್ಳಿಲ್ಲ ಸಾರ್."

ಕಂಟ್ರಾಕ್ಟ್ರು ಎದ್ದು ಮನೆಯನ್ನೊಂದು ಸುತ್ತು ಹಾಕಿದರು. "ಆಗ್ನೇಯ ಅಗ್ನಿ ಮೂಲೆ ತಾನೆ ಯಜಮಾನ್ರೆ? ಕರೆಂಟೂ ಬೆಂಕಿನೇ. ಅಲ್ಲಿ ಅಗೀಸಿ, ಯಾವ ವಾಸ್ತುದೋರೂ ಬ್ಯಾಡ ಅನ್ನಂಗಿಲ್ಲ." ಯಜಮಾನರ ಮುಖ ಅರಳಿತು. ಒಂದು ಗಂಟೆಯೊಳಗೆ ಇಬ್ಬರು ಆಳುಗಳು ಅಗೆಯುತ್ತಿದ್ದರು.

"ಮೂಢನಂಬಿಕೆಗೆ ಮೂಢನಂಬಿಕೆಯಲ್ಲೇ ಉತ್ತರ ಕೊಡ್ತೀರಲ್ಲ ಸಾರ್," ಎಂದು ನಾನು ಮೆಲ್ಲಗೆ ಕೆಣಕಿದೆ. ಸಿಟ್ಟು ಬೇರೆಡೆಗೆ ತಿರುಗಲಿ ಎಂಬ ಆಸೆಯೂ ಇತ್ತು.

"ಅವ್ರಿಗೆ ಮೂಲೆ ಬೇಕು, ನಂಗೆ ಪೈಪ್ ಬೇಕು." ಆಮೇಲೆ ಫಾರಂ ತೆಗೆದು ನನ್ನ ಅಂಕಿಯ ಮೇಲೆ ಬೆರಳಿಟ್ಟರು. "ಇದ್ ಯಾವತ್ತು ಅಳ್ದೆ?"

"ಪೈಪ್ ಇಳಿಸಿದ ದಿನ."

"ತಾರೀಕು ಯಾವತ್ತಿಂದು ಹಾಕಿದೀಯ?"

"ನಿನ್ನೇದು."

ಬೈಯಲಿಲ್ಲ. ಓರೆ ಬೋರ್ಡಿಗೆ ಮೂರು ತಲೆಮಾರು ಎತ್ತುವವರು ಫಾರಂ ಮಡಚಿ ಜೇಬಿಗಿಟ್ಟರು. ಆಗ್ನೇಯದಲ್ಲಿ ಇಳಿಸಿದ ಪೈಪನ್ನು ತಾವೇ ನಿಂತು ಅಳೆಸಿ, ಬೇರೆ ಫಾರಂನಲ್ಲಿ ಬರೆದು ಸಹಿ ಹಾಕಿದರು.

ಅರಸೀಕೆರೆಗೆ ವಾಪಸ್ ಬರುವ ಬಸ್ಸಿನಲ್ಲಿ ನಾನೇ ಬಾಯಿಬಿಟ್ಟೆ. "ಸಾರ್, ನನ್ನ ಅನುಭವದ ಪತ್ರ..."

"ಈ ವರ್ಸ ಬರ್ಕೊಡಲ್ಲ."

ಊರು ಬರುವವರೆಗೂ ವಾದಿಸಿದೆ. ಬರೆದ ಅಂಕಿ ಸುಳ್ಳಲ್ಲ, ನನ್ನ ಕೈಯಾರೆ ಅಳೆದದ್ದು. ಪೈಪು ಕಿತ್ತವಳು ನಾನಲ್ಲ. ಹೂತ ಪೈಪು ಎದ್ದು ಹೋಗುತ್ತದೆಂದು ಯಾರು ಊಹಿಸುತ್ತಾರೆ? ಎರಡು ವರ್ಷದ ಕೆಲಸವನ್ನು ಒಂದು ಅರ್ಧ ಗಂಟೆಯಿಂದ ತೂಗುವುದು ಯಾವ ನ್ಯಾಯ? ಹೋಗಲಿ, ಊರಲ್ಲಿ ಉಳಿದವರೆಲ್ಲ ಹೇಗೆ ಬರೆಯುತ್ತಾರೆ? ಅವರು ಕಿಟಕಿಯ ಕಡೆ ಮುಖ ಮಾಡಿಕೊಂಡು ಒಂದೊಂದಕ್ಕೂ "ಹೂಂ" ಅನ್ನುತ್ತಿದ್ದರು. ಸ್ಟಾಂಡಿನಲ್ಲಿ ಇಳಿಯುವಾಗ ನನ್ನ ಕಡೆ ತಿರುಗಿ ಅಂದರು:

"ವಾದದಾಗೆ ನೀನೇ ಗೆದ್ದೆ ಕಣಮ್ಮ. ಪತ್ರ ಮುಂದಿನ್ ವರ್ಸ ಕೊಡ್ತೀನಿ."

ಮೂರನೆಯ ದಿನ ನಾನು ಬಾಣಾವರಕ್ಕೆ ಹೋದೆ. ಅಲ್ಲೊಬ್ಬ ಕಂಟ್ರಾಕ್ಟರು ಕೇಳಿದವರಿಗೆಲ್ಲ ಪತ್ರ ಬರೆದುಕೊಡುತ್ತಾರೆಂದು ಪಾಲಿಟೆಕ್ನಿಕ್ಕಿನ ಗೆಳತಿ ಹೇಳಿದ್ದಳು. ಆತ ಮೊಬೈಲಿನಿಂದ ತಲೆ ಎತ್ತದೆ ಹೆಸರು ಕೇಳಿದ.

"ಎಷ್ಟ್ ವರ್ಸ ಹಾಕ್ಲಿ?"

"ಎರಡು ಸಾರ್."

"ಮೂರೇ ಹಾಕ್ತೀನಿ ಬಿಡಮ್ಮ, ಗಟ್ಟಿಯಾಗಿರ್ಲಿ."

ರೈಲು ಬರುವುದು ತಡವಾಗಿತ್ತು. ಪ್ಲಾಟ್‌ಫಾರಂನ ಬೆಂಚಿನ ಮೇಲೆ ಕೂತು ಆ ಪತ್ರವನ್ನು ಓದಿದೆ. ನನ್ನನ್ನು ಐದು ನಿಮಿಷವೂ ನೋಡದ ಮನುಷ್ಯ ನನ್ನ ಕೆಲಸ 'ತೃಪ್ತಿಕರ' ಎಂದು ಬರೆದಿದ್ದ. ಅಭ್ಯಾಸಬಲದಿಂದ ಎರಡೂ ಕಡೆ ವಾದಿಸಿಕೊಂಡೆ. ಪರವಾಗಿ: ಅನುಭವ ನಿಜವಾಗಿಯೂ ಇದೆ, ಹೆಸರಷ್ಟೇ ಬೇರೆ. ವಿರೋಧವಾಗಿ ಏನು ಹೇಳಬಹುದು ಎಂದು ಹುಡುಕಿದರೆ ಸಿಕ್ಕಿದ್ದು ಗಂಡಸಿಯ ಫಾರಂ. ಆತ ನನ್ನ ಬಗ್ಗೆ ಬರೆದದ್ದೂ, ನಾನು ಆ ಪೈಪಿನ ಬಗ್ಗೆ ಬರೆದದ್ದೂ ಒಂದೇ ಜಾತಿಯ ಬರಹ. ನಾನಾದರೂ ಒಮ್ಮೆ ಅಳೆದಿದ್ದೆ, ಆತ ಅದನ್ನೂ ಮಾಡಿರಲಿಲ್ಲ ಎಂದುಕೊಂಡೆ. ಪೈಪು ಇಲ್ಲದ ಗುಂಡಿಯ ಮುಂದೆ ಆ ವ್ಯತ್ಯಾಸಕ್ಕೆ ಬೆಲೆ ಎಷ್ಟು? ಇದನ್ನು ನನ್ನ ದೊಡ್ಡತನವೆಂದು ಓದಬಾರದು. ಸಿಕ್ಕಿಬಿದ್ದರೆ ಪರ್ಮಿಟ್ಟಿನ ಬಾಗಿಲೇ ಮುಚ್ಚುತ್ತದೆಂಬ ಹೆದರಿಕೆಯೂ ಇತ್ತು. ಕೊನೆಯ ದಿನದವರೆಗೂ ಪತ್ರ ಬ್ಯಾಗಿನಲ್ಲೇ ಇತ್ತು. ಕೊನೆಯ ದಿನವೂ ಹೋಯಿತು. ತಿಪಟೂರಿನ ಕೆಲಸ ಬೇರೆ ಯಾರಿಗೋ ಆಯಿತು.

ಒಂದು ತಿಂಗಳು ಕಂಟ್ರಾಕ್ಟರ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದೆ. ನನ್ನ ಮುನಿಸು ಅವರಿಗೆ ಗೊತ್ತಾಯಿತೋ ಇಲ್ಲವೋ. ಅಳೆಯುವ ಯಂತ್ರದ ಪೆಟ್ಟಿಗೆಯನ್ನು ಮಾತ್ರ ಎಲ್ಲಿಗೆ ಹೋದರೂ ನನ್ನ ಕೈಯಲ್ಲೇ ಹೊರಿಸುತ್ತಿದ್ದರು.

ಮುಂದಿನ ವರ್ಷ, ನಾನು ಕೇಳುವ ಮೊದಲೇ, ಪತ್ರ ಬರೆದು ಮೇಜಿನ ಮೇಲಿಟ್ಟಿದ್ದರು. ಅವರ ದುಂಡನೆಯ ಕನ್ನಡ ಅಕ್ಷರ. ಇಂತಿಷ್ಟು ತಿಂಗಳು ಕೆಲಸ ಮಾಡಿದ್ದಾರೆ, ಇಂತಿಂಥ ಕೆಲಸ ಬಲ್ಲರು. ಕೊನೆಯಲ್ಲಿ ಎರಡು ಸಾಲು: 'ಒಂದು ಸಲ ಅಳೆಯದೆ ಬರೆದಿದ್ದಾರೆ. ಆಮೇಲೆ ಬರೆದಿಲ್ಲ.'

ನನಗೆ ತಲೆ ಕೆಟ್ಟಿತು. "ಇದನ್ನ ಯಾರಾದ್ರೂ ಅನುಭವದ ಪತ್ರದಲ್ಲಿ ಬರೀತಾರಾ ಸಾರ್?"

"ನಿಜ ತಾನೆ?"

"ನಿಜ, ಆದರೆ..."

"ಎರಡ್ನೇ ಸಾಲು ಸರ್ಯಾಗಿ ಓದು. ನಾನು ಹೊಗಳಿರೋದು ಅಲ್ಲಿ."

ಅರ್ಜಿ ತೆಗೆದುಕೊಂಡ ಗುಮಾಸ್ತರು ಪತ್ರವನ್ನು ಓದಲೇ ಇಲ್ಲ. ಕೆಳಗೆ ಸಹಿ, ಮೊಹರು ಇದೆಯೇ ಎಂದಷ್ಟೇ ನೋಡಿ ದಾರ ಕಟ್ಟಿದರು. ಪರ್ಮಿಟ್ ಬಂತು. ಕೆಲವು ವರ್ಷ ಅವರ ಜೊತೆಗೇ ಇದ್ದು, ಆಮೇಲೆ ನನ್ನ ಹೆಸರಿನಲ್ಲೇ ಲೈಸೆನ್ಸ್ ಮಾಡಿಸಿಕೊಂಡೆ.

ಹೋದ ವರ್ಷ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಕಂಟ್ರಾಕ್ಟ್ರು ಏಳಲಿಲ್ಲ. ಹಾಸಿಗೆ ಹಿಡಿದದ್ದು, ನರಳಾಟ ಏನಿಲ್ಲ.

ಮೂರು ತಿಂಗಳಾದ ಮೇಲೆ ಅವರ ಹೆಂಡತಿ ಫೋನ್ ಮಾಡಿದರು. ಮನೆಯ ಮಹಡಿಯನ್ನು ಬಾಡಿಗೆಗೆ ಕೊಡುವುದಿತ್ತು, ಬೇರೆ ಮೀಟರಿಗೆ ಫಾರಂ ಬೇಕಿತ್ತು. "ನೀನೇ ಬಂದು ಒಂದು ಸಹಿ ಹಾಕ್ಬಿಡಮ್ಮ," ಅಂದರು. ಹೋದೆ. ಅಳೆಯುವ ಯಂತ್ರದ ಪೆಟ್ಟಿಗೆ ತೆರೆದದ್ದನ್ನು ನೋಡಿ ಆ ಅಮ್ಮನಿಗೆ ನಗು ಬಂತು. "ಇಲ್ಲಿ ಏನ್ ನೋಡ್ತೀಯಾ? ಅವ್ರೇ ಎಳ್ದಿರೋ ವೈರು."

ಎಲ್ಲ ಸರಿಯಾಗಿತ್ತು, ಮಹಡಿಯ ಬಚ್ಚಲಿನದು ಬಿಟ್ಟು. ಹಳೆಯ ಎರಡೆಳೆಯ ಲೈನು, ಅರ್ತಿಂಗ್ ಎಳೆಯೇ ಇಲ್ಲ. ಪ್ಲಾಸ್ಟಿಕ್ಕು ಒಣಗಿ ಬಿರಿದು ತೇವ ಕುಡಿದಿತ್ತು. ಮೀಟರಿನ ಮುಳ್ಳು ಏಳಬೇಕಾದಷ್ಟು ಏಳಲಿಲ್ಲ. ಇನ್ನೊಂದು ಸಲ ಅಳೆದೆ. ಅಷ್ಟೇ.

"ಅಮ್ಮಾ, ಇವತ್ತು ಸಹಿ ಹಾಕಕ್ಕಾಗಲ್ಲ."

"ಅವ್ರ ಮನೇಗಾ?"

"ಬಚ್ಚಲಿನ ಲೈನ್ ಹೋಗಿದೆ. ಪೂರ್ತಿ ಹೊಸದಾಗಿ ಎಳೀಬೇಕು."

"ಬಾಡಿಗೆಯೋರು ಶುಕ್ರವಾರ ಬತ್ತಾರೆ ಕಣಮ್ಮ."

"ಗೊತ್ತಮ್ಮ."

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಹೇಳಬಹುದಾಗಿದ್ದ ವಾದಗಳೆಲ್ಲ ನಾಲಗೆಯ ತುದಿಗೇ ಬಂದಿದ್ದವು: ಗುರುವಿನ ಮನೆ, ಗಂಡನನ್ನು ಕಳೆದುಕೊಂಡ ಹೆಂಗಸು, ಇಷ್ಟು ವರ್ಷ ಏನೂ ಆಗಿಲ್ಲ. ಫಾರಂನಲ್ಲಿ ಮುಳ್ಳು ತೋರಿಸಿದ ಅಂಕಿಯನ್ನೇ ಬರೆದು, ಆ ದಿನದ ತಾರೀಕು ಹಾಕಿ, ಸಹಿಯ ಜಾಗವನ್ನು ಖಾಲಿ ಬಿಟ್ಟೆ.

ಅಮ್ಮ ಅದನ್ನು ಕೈಗೆ ತೆಗೆದುಕೊಂಡು ಖಾಲಿ ಜಾಗದ ಮೇಲೆ ಬೆರಳಾಡಿಸಿದರು.

"ಆ ನಲ್ಲಿ ಮುಟ್ಟಿದ್ರೆ ಜುಮ್ ಅಂತೈತೆ ಅಂತ ಎಷ್ಟ್ ಸಲ ಹೇಳಿದೀನಿ. ನಾಳೆ ನೋಡ್ತೀನಿ ನಾಳೆ ನೋಡ್ತೀನಿ ಅಂತ್ಲೇ ಹೋದ್ರು," ಅಂದರು. ಕಣ್ಣು ಒರೆಸಿಕೊಂಡರು. ಆಮೇಲೆ ಒಳಗೆ ಹೋಗಿ ಒಂದು ಸೀಮೆಸುಣ್ಣದ ಚೂರು ತಂದು ನನ್ನ ಕೈಗಿಟ್ಟರು. "ಎಲ್ಲಿಂದ ಎಲ್ಲೀಗಂಟ ಗೋಡೆ ಒಡೀಬೇಕು, ಗೆರೆ ಹಾಕು. ಗಾರೆಯೋನ್ನ ಈಗ್ಲೇ ಕರೆಸ್ತೀನಿ."