ಸೇತುವೆ ಮೇಲೆ ಸಂಚಾರ ಸುಗಮ

ಆಯುಧ ಪೂಜೆಯ ದಿನ ಬೆಳಿಗ್ಗೆ ನಾನು ಸ್ಕೂಟಿ ಹತ್ತಿ ನನ್ನದೇ ದನಿಯನ್ನು ಹುಡುಕಿಕೊಂಡು ಹೋದೆ. ದನಿ ಮುಂದೆ, ನಾನು ಹಿಂದೆ. ಅದು ಟಂಟಂ ಆಟೋದ ಮೇಲಿತ್ತು. ನನಗಿಂತ ಜೋರಾಗಿಯೂ ಇತ್ತು.

ನನ್ನನ್ನು ನೀವು ಬಲ್ಲಿರಿ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಅದಕ್ಕಿಂತ ಹೆಚ್ಚಾಗಿ ನಿರೂಪಣೆ ಮಾಡುತ್ತೇನೆ. ನಮ್ಮ ಕಡೆ ಕಟ್ಟಡ ಉದ್ಘಾಟನೆಯಾಗಲಿ, ನಿವೃತ್ತರ ಸನ್ಮಾನವಾಗಲಿ, 'ಈಗ ವೇದಿಕೆಗೆ' ಎನ್ನುವುದು ನಾನೇ. ಸಂತೆಯಲ್ಲಿ ಬದನೆಕಾಯಿ ಕೇಳಿದರೂ ಜನ ತಿರುಗಿ ನೋಡುತ್ತಾರೆ. ನನ್ನ ಮುಖ ಮರೆತವರಿಗೂ ದನಿ ಗೊತ್ತು.

ಹಬ್ಬಕ್ಕೆ ಒಂದು ವಾರ ಮೊದಲು ನಮ್ಮ ಶಾಸಕರ ಆಪ್ತ ಸಹಾಯಕ ಸಿದ್ಧಣ್ಣ ಮನೆಗೆ ಬಂದ. (ಯಾವ ಶಾಸಕರು ಅಂತ ಕೇಳಬೇಡಿ. ಸೇಡಂನವರು, ಚಿತ್ತಾಪುರದವರು, ಚಿಂಚೋಳಿಯವರು, ಎಲ್ಲರೂ ಪಕ್ಕದ ಕ್ಷೇತ್ರದ ಕಥೆ ಎಂದುಕೊಂಡು ಓದಬಹುದು.) ನಮ್ಮ ಶಾಸಕರು ಪ್ರತಿ ಹಬ್ಬಕ್ಕೂ ಜನರಿಗೊಂದು 'ಹಬ್ಬದ ವರದಿ' ಕೊಡುತ್ತಾರೆ. ಶುಭಾಶಯ, ಊರಿನ ಸುದ್ದಿ, ಸುರಕ್ಷತೆಯ ನಾಲ್ಕು ಮಾತು. ಮೊದಲು ಕಾಗದದಲ್ಲಿ ಬರುತ್ತಿತ್ತು. ಆಮೇಲೆ ವಾಟ್ಸಾಪಿಗೆ ಬಂತು. ಈ ಸಲ ಮೈಕಿಗೆ ಬಡ್ತಿ ಪಡೆದಿತ್ತು.

"ಕಾಗದ ಯಾರೂ ಓದಂಗಿಲ್ರಿ ಮೇಡಂ. ವಾಟ್ಸಾಪ್ ಯಾರೂ ತಗ್ಯಂಗಿಲ್ಲ. ಮೈಕ್ ಅಂದ್ರ ಕೇಳಲಾರದೆ ಎಲ್ಲಿಗಿ ಹೋಗ್ತಾರ? ನಿಮ್ಮ ಅವಾಜ್ ಬೇಕು ಅಂತ ಸಾಹೇಬ್ರು ಹೇಳ್ಯಾರ."

ಹೊಗಳಿದರೆ ಬೇಡ ಎನ್ನುವ ಅಭ್ಯಾಸ ನನಗಿಲ್ಲ. ಓದಿದೆ.

ಬರಹ ಚೆನ್ನಾಗಿಯೇ ಇತ್ತು. ಗ್ರಂಥಾಲಯಕ್ಕೆ ಸುಣ್ಣ ಬಳಿದಿದೆ. ಕಣ್ಣಿನ ಶಿಬಿರ ನಡೆದಿದೆ. ಚಿನ್ನಕ್ಕೆ ಪಾಲಿಶ್ ಹಾಕುತ್ತೇವೆ ಎಂದು ಬರುವವರನ್ನು ಒಳಗೆ ಕರೆಯಬೇಡಿ. ಶಹಾಬಾದ್ ಕಡೆಯ ಹಳೇ ಕಲ್ಲಿನ ಖಣಿಗಳಲ್ಲಿ ನೀರು ನಿಂತಿದೆ, ಈಜಲು ಇಳಿಯಬೇಡಿ. ವಾಡಿ ಸ್ಟೇಷನ್ನಿನಲ್ಲಿ ಹಳಿ ದಾಟಬೇಡಿ. (ಶಹಾಬಾದ್, ವಾಡಿ ಎರಡೂ ನಮ್ಮ ಶಾಸಕರ ಕ್ಷೇತ್ರದಲ್ಲಿಲ್ಲ. ಆದರೆ ಜಾಗ್ರತೆ ಹೇಳಲು ಗಡಿ ಎಲ್ಲಿಯದು?) ಕೊನೆಗೆ ಒಂದು ವಾಕ್ಯ: 'ಹಳ್ಳದ ಸೇತುವೆಯ ದುರಸ್ತಿ ಮುಗಿದಿದ್ದು ಸಂಚಾರ ಸುಗಮವಾಗಿದೆ. ಬಂಧುಗಳ ಮನೆಗೆ ನಿಶ್ಚಿಂತೆಯಿಂದ ಹೋಗಿಬನ್ನಿ.'

ಆ ಸೇತುವೆಯನ್ನು ಯಾರು ನೋಡಿದ್ದಾರೆ ಎಂದು ನಾನು ಕೇಳಲಿಲ್ಲ. ಎಲ್ಲಿ ಉಸಿರು ಎಳೆದುಕೊಳ್ಳಬೇಕು ಎಂದಷ್ಟೇ ನೋಡಿದೆ. 'ನಿಶ್ಚಿಂತೆಯಿಂದ' ಎಂಬಲ್ಲಿ ದನಿಗೆ ಸ್ವಲ್ಪ ಜೇನು ಕೂಡ ಹಾಕಿದೆ.

ಖಾಜಾಭಾಯ್ ಅದನ್ನು ಟಂಟಂಗೆ ಏರಿಸಿದರು. ನಮ್ಮೂರಿನ ಮೈಕ್ ಸೆಟ್ ಅವರ ಅಜ್ಜನ ಕಾಲದಿಂದ ಅವರದೇ. ಉರುಸು, ಗಣಪತಿ, ಬುದ್ಧ ಪೂರ್ಣಿಮೆ, ಎಲ್ಲ ಪಕ್ಷಗಳ ಪ್ರಚಾರ, ಎಲ್ಲಕ್ಕೂ ಅದೇ ಎರಡು ಕಹಳೆ. ಹಳ್ಳದ ಆಚೆ ಈಚೆ ಎಲ್ಲ ಹಳ್ಳಿಗಳಿಗೂ ನನ್ನ ದನಿ ಹೋಗಿಬಂತು. ಚಿಮ್ಮನಚೋಡದಲ್ಲಿರುವ ನನ್ನ ತಂಗಿ ಸುವರ್ಣಾ ಫೋನ್ ಮಾಡಿ, "ಅಕ್ಕಾ, ನೀ ನಮ್ಮ ಓಣ್ಯಾಗ ಹಾದು ಹೋದಿ ನೋಡು" ಎಂದು ನಕ್ಕಳು.

ಹಬ್ಬದ ದಿನ ನಮ್ಮೂರಲ್ಲಿ ಚಂದದ ಬಿಸಿಲು. ಸ್ಕೂಟಿ ತೊಳೆದು ಚೆಂಡುಹೂವು ಕಟ್ಟುತ್ತಿದ್ದೆ. ಹಾಲಿನ ಮಲ್ಲಪ್ಪ ತಡವಾಗಿ ಬಂದ.

"ಚಿಂಚೋಳಿ ಗುಡ್ಡದ ಕಡಿ ರಾತ್ರೆಲ್ಲ ಮಳಿ ಹೊಡದಾದ್ರಿ. ಬ್ರಿಜ್ ಮ್ಯಾಲ ನೀರು ಬಂದಾವ. ನಾ ಸುತ್ತು ಹಾಕಿ ಬಂದೀನಿ."

ಅವನು ಹಾಲು ಅಳೆಯುತ್ತಿದ್ದಂತೆ ಫೋನ್ ಬಂತು. ಸುವರ್ಣಾ.

"ಅಕ್ಕಾ, ನಾವು ಹೊಂಟೀವಿ. ನಮ್ಮತ್ತಿ ಬ್ಯಾಡ ಅನ್ಲಾಕತ್ತಿದ್ರು, ಮಳಿ ಭಾಳ ಆಗ್ಯಾದಂತ. ಆದ್ರ ಇವರು, ನಿಮ್ಮಕ್ಕಾರೇ ಮೈಕಿನ್ಯಾಗ ಹೇಳ್ಯಾರಲ್ಲ ಬ್ರಿಜ್ ಚಲೋ ಅದ ಅಂತ, ನಡಿ ಅಂದ್ರು..."

"ಸುವರ್ಣಾ, ಬರಬ್ಯಾಡ್ರಿ" ಎಂದೆ. ಲೈನ್ ಕಟ್ಟಾಗಿತ್ತು. ಮತ್ತೆ ಹಚ್ಚಿದೆ. ನೀವು ಕರೆ ಮಾಡಿದವರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಳು ಒಬ್ಬಳು. ಅವಳ ದನಿಯೂ ಬಹಳ ನಯವಾಗಿದೆ. ಅವಳೂ ಯಾರೋ ಬರೆದುಕೊಟ್ಟದ್ದನ್ನೇ ಓದಿರಬೇಕು.

ಸಿದ್ಧಣ್ಣನಿಗೆ ಫೋನ್ ಮಾಡಿದೆ. ಹಿಂದೆ ಪೂಜೆಯ ಗಂಟೆ ಕೇಳುತ್ತಿತ್ತು.

"ಸಿದ್ಧಣ್ಣ, ಬ್ರಿಜ್ ಮುಳುಗ್ಯಾದ. ಆ ರೆಕಾರ್ಡಿಂಗ್ ಬಂದ್ ಮಾಡಸು."

"ಸಾಹೇಬ್ರು ಓಕೆ ಮಾಡಿದ ಮ್ಯಾಟರ್ ರೀ ಅದು. ನಾ ಹ್ಯಾಂಗ ತಗೀಲಿ? ಸಾಹೇಬ್ರು ಫ್ಯಾಮಿಲಿ ಕೂಡ ಟೂರ್ ಹೋಗ್ಯಾರ, ಫೋನ್ ಎತ್ತಲಾಕತ್ತಿಲ್ಲ."

"ನೀರು ಬಂದಾವ ಅಂತ ಹೇಳ್ಲಾಕತ್ತೀನಲ್ಲ!"

"ನೀರು ಇವತ್ತು ಬಂದಾವ್ರಿ ಮೇಡಂ. ಮ್ಯಾಟರ್ ಹೋದ ವಾರದ್ದು."

ಫೋನ್ ಇಟ್ಟು ನಾನು ಸ್ಕೂಟಿ ಹತ್ತಿದೆ.

ಖಾಜಾಭಾಯ್‌ಗೆ ಫೋನ್ ಮಾಡಿ ಪ್ರಯೋಜನವಿರಲಿಲ್ಲ. ತಲೆಯ ಮೇಲೆ ಎರಡು ಕಹಳೆ ಇಟ್ಟುಕೊಂಡವರಿಗೆ ರಿಂಗ್ ಕೇಳುವುದಿಲ್ಲ. ಬಜಾರಿನ ಕಡೆಯಿಂದ 'ಸನ್ಮಾನ್ಯ ಶಾಸಕರ ಪರವಾಗಿ' ಎಂದು ನನಗೆ ನಾನೇ ಕೇಳಿಸಿದೆ. ಆ ಕಡೆ ತಿರುಗಿದೆ. ಅಷ್ಟರಲ್ಲಿ ನಾನು ಕಿರಾಣಿ ಗಲ್ಲಿಯ ಹಿಂದೆ ಹೋಗಿ 'ಪಾಲಿಶ್ ಹಾಕುತ್ತೇವೆ ಎಂದು ಬರುವವರನ್ನು' ಎನ್ನುತ್ತಿದ್ದೆ. ಅಂಗಡಿಯವರು ಕೈ ಬೀಸಿದರು. "ಮೇಡಂ, ನಿಮ್ಮ ಅವಾಜ್ ಬಸ್ ಸ್ಟ್ಯಾಂಡ್ ಕಡಿ ಹೊಂಟದ ನೋಡ್ರಿ!"

ಬಸ್ ಸ್ಟ್ಯಾಂಡಿನಲ್ಲಿ ಟಂಟಂ ಸಿಕ್ಕಿತು. ನನ್ನ ದನಿ 'ನಿಶ್ಚಿಂತೆಯಿಂದ ಹೋಗಿಬನ್ನಿ' ಎನ್ನುತ್ತಿತ್ತು. ಪಕ್ಕದಲ್ಲಿ ಒಂದು ಕ್ರೂಸರ್ ಜೀಪಿಗೆ ಹೆಂಗಸರು, ಮಕ್ಕಳು, ಹಬ್ಬದ ಬುತ್ತಿ ಎಲ್ಲ ನಿಶ್ಚಿಂತೆಯಿಂದ ಏರುತ್ತಿದ್ದವು. ಖಾಜಾಭಾಯ್ ಚಹಾ ಕುಡಿಯುತ್ತಿದ್ದರು.

"ಖಾಜಾಭಾಯ್, ಬಂದ್ ಮಾಡ್ರಿ ಅದನ್ನ!"

ಅವರಿಗೆ ಗಾಬರಿ. "ಯಾಕ್ರಿ ಮೇಡಂ, ಅವಾಜ್ ಒಡೀಲಾಕತ್ತಾದೇನು?"

"ಅವಾಜ್ ಚಲೋ ಅದ. ಮಾತು ಸುಳ್ಳದ. ಬ್ರಿಜ್ ಮ್ಯಾಲ ನೀರು ಬಂದಾವ. ನನ್ನ ತಂಗಿ ಕೂಸಿನ್ನ ಕಟಗೊಂಡು ಆ ಕಡಿಂದ ಹೊಂಟಾಳ."

ಅವರು ಚಹಾ ಅಲ್ಲೇ ಇಟ್ಟು, ರೆಕಾರ್ಡಿಂಗ್ ನಿಲ್ಲಿಸಿ, ಮೈಕ್ ನನ್ನ ಕೈಗೆ ಕೊಟ್ಟರು. "ಕುಂದರ್ರಿ. ನೀವೇ ಹೇಳ್ರಿ."

ಹೇಳಿದೆ. ಸೇತುವೆ ಮೇಲೆ ನೀರಿದೆ, ಯಾರೂ ಹೋಗಬೇಡಿ ಎಂದೆ. ಕ್ರೂಸರ್ ಡ್ರೈವರ್ ಕಿಟಕಿಯಿಂದ ತಲೆ ಹಾಕಿದ.

"ಈಗರೇ ಚಲೋ ಅದ ಅಂದ್ರಿ. ಈಗ ಇಲ್ಲ ಅಂತೀರಿ. ಯಾವ್ದು ಖರೆ?"

"ಇದು ಖರೆ."

"ಅದು ಶಾಸಕರದ ರೀ. ಇದು ಬರೇ ನಿಮ್ಮದು" ಎಂದು ಅವನು ಗಾಡಿ ಚಾಲೂ ಮಾಡಿದ. ನಮ್ಮ ಟಂಟಂ ಮುಂದೆ, ಅವನ ಕ್ರೂಸರ್ ಹಿಂದೆ. ದಾರಿಯುದ್ದಕ್ಕೂ ನಾನು ಬೇಡ ಬೇಡ ಎನ್ನುತ್ತಾ ಅವನಿಗೆ ದಾರಿ ತೋರಿಸಿದಂತಾಯಿತು.

ಹಳ್ಳ ಕೆಂಪಗೆ ಹರಿಯುತ್ತಿತ್ತು. ನೋಡಿದರೆ ಮೊಣಕಾಲೂ ಮುಳುಗುವಂತಿರಲಿಲ್ಲ. ಮೋಸ ಹೋಗುವುದು ಅಲ್ಲೇ. ಸೇತುವೆಗೆ ಕಟಕಟೆ ಇಲ್ಲ. ಎಲ್ಲಿ ದಾರಿ, ಎಲ್ಲಿ ಅಂಚು, ನೀರು ಹೇಳುವುದಿಲ್ಲ. ಖಾಜಾಭಾಯ್ ಸೇತುವೆಯ ಬಾಯಿಗೆ ಟಂಟಂ ಅಡ್ಡ ನಿಲ್ಲಿಸಿ ಚಾವಿ ಕಿಸೆಗೆ ಹಾಕಿಕೊಂಡರು. ಕ್ರೂಸರ್ ಹಾರ್ನ್ ಹೊಡೆಯಿತು. ಅವರು ಕೇಳಿಸದವರಂತೆ ಆಕಾಶ ನೋಡಿದರು.

ಆಚೆ ದಡದಲ್ಲಿ ಒಂದಿಷ್ಟು ಬೈಕುಗಳು. ಅವುಗಳ ನಡುವೆ ಒಂದು ಹಳದಿ ಸೀರೆ. ನನ್ನ ತಂಗಿ. ಅವಳ ಮತ್ತು ಗಂಡನ ನಡುವೆ ಮಗು.

ತಂಗಿಯ ಗಂಡ ಬಸವರಾಜ ಒಳ್ಳೆಯ ಮನುಷ್ಯ. ಆದರೆ ನಾಲ್ಕು ಜನ ನೋಡುತ್ತಿದ್ದಾಗ ಹಿಂದೆ ಸರಿಯುವ ಮನುಷ್ಯನಲ್ಲ. ಬೈಕ್ ಮುಂದಕ್ಕೆ ಬಂತು. ಮುಂದಿನ ಗಾಲಿ ನೀರಿಗಿಳಿಯಿತು.

ಅಭ್ಯಾಸಬಲ ನೋಡಿ. ನಾನು ಮೈಕ್ ಎತ್ತಿ ಶುರುಮಾಡಿದ್ದು ಹೀಗೆ: "ಸಾರ್ವಜನಿಕರಲ್ಲಿ ವಿನಂತಿ. ಸೇತುವೆಯ ಮೇಲೆ ನೀರು ಹರಿಯುತ್ತಿದ್ದು..."

ಬಸವರಾಜ ನನ್ನ ದನಿ ಗುರುತಿಸಿ ಸಂತೋಷದಿಂದ ಕೈ ಬೀಸಿದ. ಸ್ವಾಗತ ಭಾಷಣ ಎಂದುಕೊಂಡಿರಬೇಕು. ಹಿಂದಿನ ಗಾಲಿಯೂ ಇಳಿಯಿತು.

"ಏ ಬಸ್ಯಾ! ನಿಂದರು ಅಲ್ಲೇ! ಕಣ್ಣು ಕಾಣ್ತಾವಿಲ್ಲ ನಿನಗ? ಗಾಡಿ ಹಿಂದ ತಗಿ! ಸುವರ್ಣಾ, ಕೂಸಿನ್ನ ಎತಗೊಂಡು ಕೆಳಗ ಇಳಿ! ಇಳಿ ಅಂದ್ರ ಇಳಿ!"

ಎರಡೂ ದಡದವರು ತಿರುಗಿ ನನ್ನನ್ನೇ ನೋಡಿದರು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರು ತಿಳಿಯಬೇಕು: ಮನೆಯ ಅಳಿಯನಿಗೆ ನಾವು 'ರೀ' ಇಲ್ಲದೆ ನೀರನ್ನೂ ಕೊಡುವುದಿಲ್ಲ. ಎಪ್ಪತ್ತು ದಾಟಿದ ನಮ್ಮವ್ವ ಕೂಡ "ಬರ್ರಿ, ಕುಂದರ್ರಿ" ಎನ್ನುತ್ತಾಳೆ. ಅಂಥ ಅಳಿಯನನ್ನು ನಾನು ಎರಡು ಕಹಳೆಗಳಲ್ಲಿ, ಎರಡು ಊರಿನ ಜನರ ಎದುರು, ಬಸ್ಯಾ ಎಂದಿದ್ದೆ.

ಬೈಕ್ ನಿಂತಿತು. ಸುವರ್ಣಾ ಮಗುವನ್ನು ಎತ್ತಿಕೊಂಡು ಇಳಿದು ದಡಕ್ಕೆ ಓಡಿದಳು. ಅಲ್ಲಿದ್ದವರು ಬೈಕನ್ನು ಹಿಂದಕ್ಕೆ ಎಳೆದರು. ಬಸವರಾಜ ಮಾತ್ರ ನೀರಿನ ಅಂಚಿನಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ.

ನಾನು ಟಂಟಂ ಸೀಟಿನಲ್ಲಿ ಕುಸಿದೆ. ಅಳು ಬಂತು. ತಡೆಯಲು ನೋಡಲೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಖಾಜಾಭಾಯ್ ಮೆಲ್ಲಗೆ ನನ್ನ ಕೈಯಿಂದ ಮೈಕ್ ತೆಗೆದುಕೊಂಡರು.

"ಮೇಡಂ, ಚಾಲೂ ಅದ್ರಿ."

ಹಳ್ಳದ ಎರಡೂ ಕಡೆಯವರು ನಾನು ಅತ್ತದ್ದನ್ನು ಪೂರ್ತಿ ಕೇಳಿದ್ದರು. ಯಾರೂ ನಗಲಿಲ್ಲ. ಕ್ರೂಸರ್ ಡ್ರೈವರ್ ಹಾರ್ನ್ ಹೊಡೆಯುವುದನ್ನು ಬಿಟ್ಟಿದ್ದ.

ಮಧ್ಯಾಹ್ನದ ಮೇಲೆ ನೀರು ಇಳಿಯಿತು. ಸೇತುವೆಯ ನಡುವೆ, ಒಂದು ಬದಿಯಲ್ಲಿ, ದಾರಿ ಇರಲಿಲ್ಲ. ದುರಸ್ತಿ ಮುಗಿದಿದ್ದ ಭಾಗವೇ ಕೊಚ್ಚಿಹೋಗಿತ್ತು. ಡ್ರೈವರ್ ಅಂಚಿನವರೆಗೆ ನಡೆದು ಹೋಗಿ ಕೆಳಗೆ ನೋಡಿದ. ತಿರುಗಿ ಬಂದು ಜೀಪ್ ಹತ್ತಿ ಸುತ್ತಿನ ದಾರಿ ಹಿಡಿದ.

ತಂಗಿಯ ಮನೆಯವರು ಮರುದಿನ ದಸರೆಯ ಬನ್ನಿ ಎಲೆ ಕೊಡಲು ಸುತ್ತಿನ ದಾರಿಯಲ್ಲೇ ಬಂದರು. ಬಸವರಾಜ ಎಲ್ಲರಿಗೂ ಬನ್ನಿ ಕೊಟ್ಟ. ನನಗೆ ಕೊಡಲಿಲ್ಲ. ಅಡುಗೆಮನೆಯಲ್ಲಿ ಸುವರ್ಣಾ ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡು ಪಿಸುಗುಟ್ಟಿದಳು: "ನೀರಿಂದು ಮರ್ತಾರ ಅಕ್ಕಾ. ಬಸ್ಯಾ ಅಂದಿದ್ದು ಮರ್ತಿಲ್ಲ." ಅಂದು ಊಟಕ್ಕೆ ಬಡಿಸುವಾಗ ನಾನು ಪ್ರತಿ ಹೋಳಿಗೆಗೂ ಎರಡೆರಡು ಸಲ 'ರೀ' ಸೇರಿಸಿದೆ. ತಿಂದ. ತಟ್ಟೆಯಿಂದ ತಲೆ ಎತ್ತಲಿಲ್ಲ.

ಶಾಸಕರು ಟೂರಿನಿಂದಲೇ ಫೋನ್ ಮಾಡಿದರು. ಅವರ ದನಿಯಲ್ಲಿ ನಿಜವಾದ ಕಾಳಜಿಯಿತ್ತು, ಸುಳ್ಳು ಹೇಳಬಾರದು.

"ಅಕ್ಕಾರ, ಭಾಳ ಉಪಕಾರ ಆಯ್ತು. ಎಲ್ಲಾರೂ ಆರಾಮ ಅದಾರಲ್ಲ?"

"ಆರಾಮ ಅದಾರ್ರಿ. ಆ ಬ್ರಿಜ್ ಚಲೋ ಅದ ಅಂತ ಯಾರು ನೋಡಿ ಹೇಳಿದ್ರು ಸಾಹೇಬ್ರೆ?"

"ಬರ್ದು ಕಳಿಸಿದ್ರು ಅಕ್ಕಾರ. ಮುಂದಿನ ಸಲ ನೀವೇ ಒಂದು ಸಲ ನೋಡಿ ಹೇಳ್ರಿ."

ಹೀಗೆ ನಾನು ಕನ್ನಡ ಶಿಕ್ಷಕಿಯಾಗಿದ್ದುಕೊಂಡೇ ಸೇತುವೆ ಪರೀಕ್ಷಕಿಯೂ ಆದೆ.

ಈ ವಾರ ದೀಪಾವಳಿಯ ವರದಿ ಹಿಡಿದು ಸಿದ್ಧಣ್ಣ ಮತ್ತೆ ಬಂದ. 'ದಸರಾ ಸಂದರ್ಭದಲ್ಲಿ ಸನ್ಮಾನ್ಯ ಶಾಸಕರ ಸಕಾಲಿಕ ಎಚ್ಚರಿಕೆಯಿಂದ ಅನಾಹುತ ತಪ್ಪಿದೆ' ಎಂದು ಮೊದಲಲ್ಲೇ ಇತ್ತು. ಅದನ್ನು ಹಾಗೇ ಬಿಟ್ಟೆ. ಹಿಂದಿನ ದಿನ ಶಾಲೆ ಬಿಟ್ಟ ಮೇಲೆ ಹಳ್ಳಕ್ಕೆ ಹೋಗಿ ನೋಡಿ ಬಂದಿದ್ದೆ. ಕೊನೆಗೆ ನನ್ನದೊಂದು ಸಾಲು ಸೇರಿಸಿದೆ: 'ಸೇತುವೆಯ ಮುರಿದ ಭಾಗವನ್ನು ಇನ್ನೂ ಕಟ್ಟಿಲ್ಲ, ಕಟಕಟೆ ಇಲ್ಲ, ದಯವಿಟ್ಟು ಸುತ್ತಿನ ದಾರಿಯಲ್ಲೇ ಹೋಗಿ.'

ಸಿದ್ಧಣ್ಣ ಓದಿದ. ಮುಖ ಸಣ್ಣದಾಯಿತು. ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಿದ.

"ಹಬ್ಬದ ದಿನ ಇವೆಲ್ಲ ಯಾಕ್ರೀ ಮೇಡಂ?"

ಹಬ್ಬವಲ್ಲದ ದಿನ ಶಾಸಕರು ನಮ್ಮ ಜೊತೆ ಮಾತಾಡುವುದು ಯಾವಾಗ, ಸಿದ್ಧಣ್ಣ?